ಕೆಂಡನ ಎರಡನೇ ಗಂಟೆ

ಪರೀಕ್ಷೆಗೆಂದು ಎರಕ ಹೊಯ್ದ ಗಂಟೆ ಠಣ್ ಎನ್ನಬೇಕಿತ್ತು, ಠಕ್ ಎಂದಿತು. ಎರಕದವರ ಸಂಘದ ಹಿರಿಯರು ಮುಖ ಮುಖ ನೋಡಿಕೊಂಡು ಎದ್ದು ಹೋದರು.

ಕುಲುಮೆಯ ಯಜಮಾನಿ ಮಾತ್ರ ಕದಲಲಿಲ್ಲ. ಗಂಟೆ ಬಾರಿಸಿ ಊರಬಾಗಿಲು ಮುಚ್ಚುತ್ತಿದ್ದ ಕಾಲವದು. ಊರಿನ ನಾಲ್ಕೂ ಬಾಗಿಲ ಗಂಟೆಗಳ ಮೇಲೆ ಇದ್ದದ್ದು ಅವಳ ಮುದ್ರೆ, ಸ್ವಂತ ಹೆಸರಲ್ಲಿ ಗಂಟೆ ಎರೆಯಲು ಸಂಘ ಕೊಡುವ ಗುರುತು. ಗಂಡ ತೀರಿಕೊಂಡ ಮೇಲೆ ಇವಳ ಕುಲುಮೆ ಇವತ್ತು ಆರುತ್ತದೆ, ನಾಳೆ ಆರುತ್ತದೆ ಎಂದು ಕಾದವರು ಇನ್ನೂ ಕಾಯುತ್ತಲೇ ಇದ್ದರು. ನಲವತ್ತು ದಾಟಿದ ಹೆಂಗಸು. ಕಿವಿಯ ಪಕ್ಕದ ಬೆಳ್ಳಿಗೂದಲನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಅವಳು ಗಂಟೆಯ ನಡುವನ್ನು ಬೆರಳಿನಿಂದ ಸುತ್ತಲೂ ಸವರಿದಳು. ಕೂದಲೆಳೆಯಷ್ಟು ಸಣ್ಣ ಗೆರೆ ಸಿಕ್ಕಿತು. ಕಂಚು ಹೊಯ್ಯುವಾಗ ಅರ್ಧಕ್ಕೆ ಕೈ ನಿಲ್ಲಿಸಿದರೆ ಬರುವ ಗೆರೆ.

"ಕೆಂಡಾ, ಬಾ ಇಲ್ಲಿ."

ಹೆಸರಿಗೆ ಕೆಂಡ. ಮೂವತ್ತು ತುಂಬದ ಗಂಡು, ಅವಳ ಕೈಕೆಳಗೇ ಎರಕ ಕಲಿತ ಆಳು, ಸ್ವಂತ ಮುದ್ರೆ ಪಡೆಯಲು ಈ ಗಂಟೆ ಹೊಯ್ದವನು. ಈಗ ತಲೆ ತಗ್ಗಿಸಿ ನಿಂತ.

"ಬೇಕಂತಲೇ ನಿಲ್ಲಿಸಿದೆ, ಅಲ್ವಾ?"

"ಕೈ ನಡುಗ್ತು, ಯಜಮಾನಿಯವ್ರೇ."

"ನಿನ್ನ ಕೈ ನಡುಗೋದು ನನ್ನೆದುರು. ಬೆಂಕಿ ಎದುರು ಅಲ್ಲ."

ಅವನ ಕಿವಿ ಕೆಂಪಾಯಿತು. ಅವಳು ಅದನ್ನು ನೋಡಿದಳು. ನೋಡಿಯೂ ಕಣ್ಣು ತೆಗೆಯಲಿಲ್ಲ.

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ" ಎಂದ ಕೊನೆಗೆ. "ಆದ್ರೆ ಹೆಂಡ್ತಿ ಮುದ್ರೆ ಗಂಡನಿಗೆ ಸೇರ್ಬೇಕು ಅನ್ನೋದು ಸಂಘದ ಕಟ್ಟಳೆ. ಆಳಾಗೇ ಉಳಿದ್ರೆ ನನಗೆ ಮುದ್ರೆ ಕೊಡೋ ಹಾಗಿಲ್ಲ. ಆಗ ನಿಮ್ಮದು ನಿಮ್ಮತ್ರಾನೇ ಇರುತ್ತಲ್ಲ..."

ಅವಳ ಎದೆ ತುಂಬಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ಇದನ್ನ ತ್ಯಾಗ ಅಂದ್ಕೊಂಡ್ಯಾ? ನನ್ನತ್ರ ಕಲಿತೋನು ಸೋತ ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಬೇಕಂತ ಸೋತೋನ ಕೈಯನ್ನ ನಾನು ಹಿಡಿಯಲ್ಲ, ತಿಳ್ಕೋ. ಅರ್ಧ ಕಟ್ಟಳೆ ಕೇಳ್ಕೊಂಡು ಗಂಟೆ ಹಾಳು ಮಾಡಿದ್ಯಲ್ಲ, ಪುಣ್ಯಾತ್ಮ! ಆಳನ್ನ ಕಟ್ಕೊಂಡ್ರೆ ನನ್ನ ಮುದ್ರೆಯನ್ನ ಸಂಘವೇ ಕಿತ್ಕೊಳ್ಳುತ್ತೆ. ಒಬ್ಬರಿಗೆ ಒಂದೇ ಮುದ್ರೆ. ನೀನು ನಿಂದು ಗೆದ್ಕೊಂಡ್ರೆ, ನಂದನ್ನ ನಿನಗೆ ಕೊಡೋ ಹಾಗಿಲ್ಲ. ಅದು ನನ್ನ ಹತ್ರಾನೇ ಇರುತ್ತೆ."

ಕೆಂಡ ಕಣ್ಣರಳಿಸಿದ. "ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

ಅವಳು ಮೊದಲ ಸಲ ಮುಖ ತಿರುಗಿಸಿದಳು. "ನಿನ್ನ ಕೈ ನಡುಗೋಕೆ ಶುರುವಾದಾಗ್ಲೇ ಹೋಗಿ ಕೇಳ್ಕೊಂಡು ಬಂದೆ."

ಅವನು ನಕ್ಕುಬಿಟ್ಟ. ಅವಳು ಸೌದೆಯತ್ತ ಕೈ ತೋರಿಸಿದಳು. "ನಗು ಆಮೇಲೆ. ಮೊದಲು ಕುಲುಮೆ ಹೊತ್ತಿಸು."

ಅಚ್ಚು ಒಣಗಿದ ದಿನ ಅವನು ಮತ್ತೆ ಕಂಚು ಹೊಯ್ದ. ಅವಳು ಎದುರಿಗೇ ನಿಂತಿದ್ದಳು, ಅವನ ಕೈ ಮಾತ್ರ ಅಳುಕಲಿಲ್ಲ.

ಈ ಸಲ ಗಂಟೆಯ ದನಿ ಬೀದಿ ದಾಟಿ ಹೋಯಿತು. ಸಂಘದ ಹಿರಿಯ ಕೆಂಡನ ಕೈಗೆ ಹೊಸ ಮುದ್ರೆ ಇಟ್ಟು, ಯಜಮಾನಿಯತ್ತ ಬಗ್ಗಿ ಪಿಸುಗುಟ್ಟಿದ: "ಮದುವೆ ಅಂತೆ? ಹುಡುಗ ನಿಮಗಿಂತ ಎಷ್ಟು ಚಿಕ್ಕೋನು ಅಂತ ಯೋಚ್ನೆ ಮಾಡಿದೀರಾ?"

"ಮಾಡಿದೀನಿ" ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಅವನು ಹುಟ್ಟೋ ಮುಂಚೆ ನಾನು ಎರಕ ಕಲಿಯೋಕೆ ಶುರು ಮಾಡಿದ್ದೆ. ಅದಕ್ಕೇ ಅವನಿಗೆ ಇಷ್ಟು ಚೆನ್ನಾಗಿ ಕಲಿಸೋಕಾಯ್ತು."

ಆಮೇಲೆ ಕೆಂಡನ ಕೈ ಹಿಡಿದುಕೊಂಡಳು. ಅದು ನಡುಗುತ್ತಿತ್ತು.

"ಇನ್ನೊಂದ್ಸಲ ಬಾರಿಸಿ" ಎಂದಳು ಹಿರಿಯನಿಗೆ. "ಊರಿಗೆಲ್ಲ ಕೇಳ್ಲಿ."