ಬೂರುಗದ ಮರಕ್ಕೆ ವಿಷ

ಸೋಮವಾರ ಬೆಳಗ್ಗೆ ಸಸ್ಯೋದ್ಯಾನದ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ಉದ್ಯಾನದ ದೊಡ್ಡ ಬೂರುಗದ ಮರಕ್ಕೆ ಯಾರೋ ವಿಷ ಹಾಕಿದ್ದರು. ಎಫ್‌ಐಆರ್ ದಾಖಲಿಸಿಕೊಂಡು ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಹೊರಟರು.

ಮರ ಅಕಾಲದಲ್ಲಿ ಎಲೆ ಉದುರಿಸಿ ನಿಂತಿತ್ತು. ಗೋಡೆಗಳಂತೆ ಎದ್ದಿದ್ದ ಬೇರುಗಳ ಸಂದಿಯಲ್ಲಿ ಡ್ರಿಲ್‌ನಿಂದ ಕೊರೆದ ತೂತುಗಳು. ಒಳಗೆ ಕಳೆನಾಶಕದ ಘಾಟು, ಬಾಯಿಗೆ ಮೇಣ. ಪಂಚನಾಮೆ ಬರೆಯುತ್ತಿದ್ದ ಪೇದೆ ಮೇಣವನ್ನು ಮೂಸಿ ನೋಡಿದಳು.

"ಜೇನುಮೇಣ, ಸಾರ್."

"ಇಲ್ಲಿ ಅದನ್ನ ಯಾರು ಬಳಸ್ತಾರೆ?"

"ಮರ ಹತ್ತೋನು, ಹಗ್ಗಕ್ಕೆ ತಿಕ್ಕೋಕೆ," ಎಂದರು ಮೇಲ್ವಿಚಾರಕರು. "ಆದ್ರೆ ಅವನು ಅಂಥವನಲ್ಲ. ಕಾಯಿ ಒಡೆದ್ರೆ ಬೀಜವೆಲ್ಲ ಹತ್ತಿ ಜೊತೆ ಗಾಳಿಪಾಲು. ಅದಕ್ಕೆ ಮುಂಚೆ ಮೇಲೆ ಹೋಗಿ ಕೊಯ್ತಿದ್ದೋನು ಅವನೊಬ್ನೇ. ಹೋದ ವರ್ಷ ಮಾತ್ರ ಕೊಂಬೆ ಲಡ್ಡು ಹಿಡಿದು ಟೊಳ್ಳಾಗಿದೆ ಅಂತ ಅರ್ಧಕ್ಕೇ ಇಳಿದುಬಿಟ್ಟ. ಈ ಸಲ ಅವನ ಮಗಳು ಹತ್ತಬೇಕಿತ್ತು. ಅವಳೂ ಕೆಲಸ ಕಲಿತಿದ್ದಾಳೆ."

ಇನ್‌ಸ್ಪೆಕ್ಟರ್ ಮಗಳನ್ನು ಕರೆಸಿ, ಮೇಲೆ ಹೋಗಿ ನೋಡಿ ಬರುವಂತೆ ಕೇಳಿಕೊಂಡರು. ಇಳಿದು ಬಂದಾಗ ಅವಳು ಬೆವರಿನಲ್ಲಿ ತೊಯ್ದಿದ್ದಳು.

"ಕೊಂಬೆ ಹೇಗಿದೆ?"

"ಕಲ್ಲಿದ್ದ ಹಾಗಿದೆ, ಸಾರ್." ಹೇಳಿದ ಮೇಲೆ ಅಪ್ಪನ ಮಾತು ನೆನಪಾಗಿ ಅವಳು ತುಟಿ ಕಚ್ಚಿಕೊಂಡಳು.

ಸಂಜೆ ಉದ್ಯಾನದೊಳಗೇ ಇದ್ದ ಅಪ್ಪ-ಮಗಳ ಮನೆಯಲ್ಲಿ, ಮಂಚದ ಕೆಳಗೆ, ಡ್ರಿಲ್ಲೂ ಖಾಲಿ ಕ್ಯಾನೂ ಸಿಕ್ಕವು.

"ಯಾಕೆ ಮಾಡಿದ್ರಿ?" ಇನ್‌ಸ್ಪೆಕ್ಟರ್ ಅಪ್ಪನನ್ನು ಕೇಳಿದರು.

"ದುಡ್ಡಿಗೆ, ಸಾರ್."

"ಯಾರು ಕೊಟ್ರು?"

ಅವನು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ಕೊಂಬೆ ಗಟ್ಟಿಯಾಗೇ ಇದೆ. ನಿಮ್ಮ ಮಗಳೇ ಹತ್ತಿ ನೋಡಿದ್ಲು."

ಅವನ ಮುಖ ಕಪ್ಪಿಟ್ಟಿತು. "ಹೋದ ವರ್ಷ ಅರ್ಧ ಹತ್ತಿದಾಗ ಕೈಕಾಲು ನಡುಗೋಕೆ ಶುರುವಾಯ್ತು. ಕಾಂಡ ತಬ್ಕೊಂಡು ಅತ್ತುಬಿಟ್ಟೆ. ಕೆಳಗೆ ಬಂದು ತಪ್ಪನ್ನ ಮರದ ತಲೆಗೆ ಕಟ್ಟಿದೆ. ಮಗಳು ಹತ್ತಿದ್ರೆ ನನ್ನ ಸುಳ್ಳು ಗೊತ್ತಾಗ್ತಿತ್ತು. ಮರ ಸತ್ರೆ ಯಾರೂ ಹತ್ತಲ್ಲ ಅಂದ್ಕೊಂಡೆ." ಅವನು ಕೈಮುಗಿದ. "ದುಡ್ಡಿಗೆ ಅಂತಲೇ ಬರ್ಕೊಳ್ಳಿ, ಸಾರ್. ಹೆದರಿದ ಅಂತ ಮಾತ್ರ ಬರೀಬೇಡಿ."

ಮಗಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಪ್ಪಾ, ನಂಗೆ ಪ್ರತಿ ಸಲವೂ ಹೆದರಿಕೆ ಆಗುತ್ತೆ. ನಿಂಗೆ ಆಗಲ್ಲ ಅಂದ್ಕೊಂಡು ನಾನು ಬಾಯಿ ಬಿಡ್ಲಿಲ್ಲ."

ಇನ್‌ಸ್ಪೆಕ್ಟರ್ ಹೇಳಿಕೆಯಲ್ಲಿ ನಿಜವನ್ನೇ ಬರೆಸಿದರು. ಬರೆಯುವಾಗ ಪೇದೆ ತಲೆ ಎತ್ತಲಿಲ್ಲ. ಮರ ಉಳಿಯುವುದು ಅನುಮಾನ ಎಂದು ತಜ್ಞರು ಆಗಲೇ ತಿಳಿಸಿದ್ದರು.

ಜೀಪು ಉದ್ಯಾನದ ಗೇಟು ದಾಟುವಾಗ ಅವನು ಮರದ ಕಡೆ ನೋಡಲಿಲ್ಲ. ಹಿಂದೆ ಓಡಿ ಬರುತ್ತಿದ್ದ ಮಗಳ ಕಡೆಗೂ ನೋಡಲಿಲ್ಲ.