ತಕ್ಕಡಿಯಾಚೆಯ ಕೋಣೆ

೧೯೫೭ರ ಫೆಬ್ರವರಿ ಆರು, ಬುಧವಾರ. ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದವರು ಮೂವರು. ಮುಂದೆ ಗಿರಿಜಾದೇವಿ, ಅರವತ್ತರ ವಿಧವೆ. ಅವರ ಹಿಂದೆ ಸೊಸೆ ಪ್ರಭಾ. ಇಬ್ಬರೂ ಕಳಚಿದ ಚಪ್ಪಲಿಗಳನ್ನು ಗೋಡೆಯ ಬದಿಗೆ ಜೋಡಿಸಿಟ್ಟು ಕೊನೆಗೆ ಒಳಬಂದವನು ಪದ್ಮನಾಭ. ಗಿರಿಜಾದೇವಿಯವರ ಮೈದುನನ ಮಗ. ಹದಿನಾರನೆಯ ವಯಸ್ಸಿನಿಂದ ಆ ಮನೆಯ ಅನ್ನ ಉಂಡು ಬೆಳೆದವನು.

ಇನ್ಸ್‌ಪೆಕ್ಟರ್ ನಂಜುಂಡಪ್ಪನವರು ಕುರ್ಚಿ ತೋರಿಸಿದರು. ಹೆಂಗಸರು ಕುಳಿತರು. ಮೂರನೆಯ ಕುರ್ಚಿ ಖಾಲಿ ಉಳಿಯಿತು.

"ನನ್ನ ಮಗ ಚಕ್ರಪಾಣಿ ಕಾಣ್ತಾ ಇಲ್ಲ," ಎಂದರು ಗಿರಿಜಾದೇವಿ. "ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದಾನಲ್ಲ, ಅವನೇ. ಭಾನುವಾರ ವಿಮಾನದಲ್ಲಿ ಬೊಂಬಾಯಿಗೆ ಹೊರಟ. ಇಳಿದ ಕೂಡ್ಲೆ ತಂತಿ ಕೊಡೋನು. ಈ ಸಲ ಇಲ್ಲ. ಯಾವಾಗ್ಲೂ ಇಳ್ಕೊಳ್ಳೋ ಹೋಟ್ಲಿಗೆ ನಾವೇ ತಂತಿ ಕೊಟ್ವಿ. ಬಂದೇ ಇಲ್ಲವಂತೆ."

"ಮನೇಲಿ ಏನಾದ್ರೂ ಜಗಳ?"

"ಜಗಳ ಆಡೋಕೆ ಇವಳಿಗೆ ಬಾಯಿ ಎಲ್ಲಿದೆ? ಗಂಡನ್ನ ಹಿಡಿದಿಟ್ಕೊಳ್ಳೋ ಚಾಕಚಕ್ಯತೇನೂ ಇಲ್ಲ. ಆರು ವರ್ಷ ಆಯ್ತು, ಮಡಿಲು ಬರಿದು. ಯಾರೋ ಬೊಂಬಾಯಿಯೋಳು ಎಗರಿಸ್ಕೊಂಡು ಹೋಗಿರ್ತಾಳೆ. ನನಗೇನು ಗೊತ್ತಾಗಲ್ವಾ?"

ಪ್ರಭಾ ಮೇಜಿನ ಅಂಚನ್ನೇ ನೋಡುತ್ತಿದ್ದಳು. ರೈಟರ್ ಕಾನ್‌ಸ್ಟೇಬಲ್ ಅಂಜಿನಯ್ಯ ಬರೆಯಲು ಶುರುಮಾಡಿದಾಗ ಮಾತ್ರ ತಲೆ ಎತ್ತಿದಳು.

"ಸಾರ್, ಬಿಟ್ಟು ಹೋದ್ರು ಅಂತ ಬರೀಬೇಡಿ. ಕಾಣ್ತಾ ಇಲ್ಲ ಅಂತ ಬರೀರಿ."

"ಎರಡೂ ಒಂದೇ ಕಣೇ," ಎಂದರು ಅತ್ತೆ.

"ಒಂದೇ ಅಲ್ಲ."

ಅವಳು ಹೇಳಿದಂತೆಯೇ ಎಫ್‌ಐಆರ್ ದಾಖಲಾಯಿತು. ನಂಜುಂಡಪ್ಪ ಪದ್ಮನಾಭನ ಕಡೆ ತಿರುಗಿದರು.

"ಕೊನೇಗೆ ನೋಡಿದ್ದು ಯಾರು?"

"ನಾನೇ ಸಾರ್. ಅಣ್ಣನ ಕಾರಲ್ಲಿ ನಾನೇ ಕರ್ಕೊಂಡು ಹೋದೆ. ಕಾರು ನಡೆಸೋನು ನಾನೇ."

"ವಿಮಾನ ಹತ್ತಿದ್ದು ನೋಡಿದ್ರಾ?"

"ಇಲ್ಲ. ಒಳಗೆ ಕೋಣೆಗೆ ಹೋದ. ಅಲ್ಲಿ ಕೂತಿದ್ದ." ಅಷ್ಟು ಹೊತ್ತೂ ನೆಲಕ್ಕೆ ಅಂಟಿಕೊಂಡಿದ್ದ ಪದ್ಮನಾಭನ ದನಿ ಈಗ ತುಸು ಮೇಲೆದ್ದಿತು. "ಬಹಳ ಚೆನ್ನಾಗಿದೆ ಸಾರ್ ಆ ಕೋಣೆ. ಹಸಿರು ತೊಗಲಿನ ಸೋಫಾ. ಕೂತ್ರೆ ಮೆಲ್ಲಗೆ ಉಸಿರು ಬಿಟ್ಟ ಹಾಗೆ ಸದ್ದಾಗುತ್ತೆ. ಕಾಫಿ ಬೇರೆ, ಹಾಲು ಬೇರೆ, ಸಕ್ಕರೆ ಬೇರೆ, ಟ್ರೇನಲ್ಲಿ ತರ್ತಾರೆ. ಎಷ್ಟು ಬೇಕೋ ಅಷ್ಟು ನಾವೇ ಬೆರೆಸ್ಕೋಬಹುದು. ಹೆಸರು ಹಿಡಿದು ಕರೀವಾಗ ಮುಂದೆ ಮಿಸ್ಟರ್ ಅಂತಾರೆ."

"ನೀವು ಒಳಗೆ ಹೋಗಿದ್ರಾ?"

"ಅಯ್ಯೋ, ನಮ್ಮಂಥೋರನ್ನ ಎಲ್ಲಿ ಬಿಡ್ತಾರೆ ಸಾರ್! ಕಟಕಟೆ ಈಚೆ ನಿಂತಿದ್ದೆ."

ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಟೆಲಿಫೋನು ಹೋಯಿತು. ಬಂದ ಉತ್ತರ ವಿಚಿತ್ರವಾಗಿತ್ತು: ಚಕ್ರಪಾಣಿ ಎಂಬ ಪ್ರಯಾಣಿಕರು ಬಂದದ್ದು ನಿಜ, ಕೋಣೆಯಲ್ಲಿ ಕಾದದ್ದೂ ನಿಜ, ವಿಮಾನ ಹೊರಡುವ ಹೊತ್ತಿಗೆ ಮೂರು ಸಲ ಕೂಗಿದರೂ ಅವರ ಸುಳಿವಿರಲಿಲ್ಲ, ಅವರ ಜಾಗ ಖಾಲಿಯೇ ಹಾರಿತು.

"ಮುಗೀತಲ್ಲ ಸಾರ್," ಎಂದ ಅಂಜಿನಯ್ಯ. "ಮನೆಯೋರಿಗೆ ವಿಮಾನ ತೋರಿಸಿ ಆಸಾಮಿ ರೈಲಿಗೆ ಹೋಗಿದಾನೆ. ಜೊತೇಲಿ ಯಾರಿದ್ರೋ!"

ಈ ಸುದ್ದಿ ಸಂಜೆಗೆ ರಾಜಾಜಿನಗರದ ಆ ಮನೆಗೂ ತಲುಪಿತು. ಗಿರಿಜಾದೇವಿ ಸೊಸೆಯ ಟ್ರಂಕನ್ನು ಜಗಲಿಗೆ ತರಿಸಿಟ್ಟರು. ಕೆಂಗೇರಿಯಲ್ಲಿದ್ದ ತವರಿಗೆ ಅವಳು ಶುಕ್ರವಾರ ಹೊರಡತಕ್ಕದ್ದು. ಗಂಡನಿಲ್ಲದ ಮೇಲೆ ಆ ಮನೆಯಲ್ಲಿ ಅವಳದೇನು? ಎದುರುಮನೆಯವರು ಕಿಟಕಿ ತೆರೆದೇ ಇಟ್ಟುಕೊಂಡು ಕೇಳಿದರು. ಟ್ರಂಕನ್ನು ಹೊತ್ತು ತಂದವನು ಪದ್ಮನಾಭ.

ಗುರುವಾರ ನಂಜುಂಡಪ್ಪ ಅಂಜಿನಯ್ಯನೊಡನೆ ಜೀಪಿನಲ್ಲಿ ಊರಿನ ಇನ್ನೊಂದು ತುದಿಗೆ ಹೋದರು. ಹೋಗಲೇಬೇಕೆಂಬ ಕಾರಣವಿರಲಿಲ್ಲ. ಒಂದೇ ಅಲ್ಲ ಎಂದ ಆ ಹೆಣ್ಣಿನ ದನಿ ರಾತ್ರಿಯೆಲ್ಲ ಕಿವಿಯಲ್ಲಿತ್ತು. ಅದರ ಜೊತೆಗೆ, ಯಾಕೆಂದು ಅವರಿಗೇ ತಿಳಿಯದೆ, ಉಸಿರು ಬಿಡುವ ಆ ಸೋಫಾ.

ನಿಲ್ದಾಣದ ಹಜಾರದಲ್ಲಿ ಮರದ ಕಟಕಟೆ. ಅದರ ಮಧ್ಯೆ ಸೊಂಟದೆತ್ತರದ ಪುಟ್ಟ ಬಾಗಿಲು. ಬಾಗಿಲಿನ ಎದುರಿಗೆ, ದಾಟುವವರು ಏರಲೇಬೇಕಾದ ಹಾಗೆ, ಒಂದು ದೊಡ್ಡ ತೂಕದ ಯಂತ್ರ. ಯಂತ್ರದ ಪಕ್ಕದಲ್ಲಿದ್ದ ಗುಮಾಸ್ತ ಎದ್ದು ನಿಂತ. ಮದರಾಸಿನಿಂದ ವರ್ಗವಾಗಿ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ.

"ಒಳಗೆ ಯಾರ್ಯಾರನ್ನ ಬಿಡ್ತೀರಿ?"

"ಟಿಕೆಟ್ ಇದ್ದೋರನ್ನ ಸಾರ್. ಇಲ್ದಿದ್ರೆ ಮೇಲಿನೋರ ಚೀಟಿ ಇರ್ಬೇಕು. ಮಂತ್ರಿಗಳನ್ನ ಬೀಳ್ಕೊಡೋಕೆ ಹಾರ ಹಿಡ್ಕೊಂಡು ಬರ್ತಾರಲ್ಲ, ಅವರಿಗೆ ಕೊಡ್ತಾರೆ. ಮಿಕ್ಕೋರೆಲ್ಲ ಕಟಕಟೆ ಈಚೆ. ಹೆಂಡತಿ ಅಳ್ಳಿ, ಮಗು ಅಳ್ಳಿ, ಈಚೇನೇ. ನಿಮಗೆ ಯೂನಿಫಾರ್ಮ್ ಇದೆ, ಬನ್ನಿ."

"ಈ ತಕ್ಕಡಿ ಯಾಕೆ?"

"ಸಾಮಾನು ತೂಗ್ತೀವಿ, ಆಮೇಲೆ ಮನುಷ್ಯರನ್ನೂ ತೂಗ್ತೀವಿ. ವಿಮಾನಕ್ಕೆ ಎಲ್ಲಾ ಒಂದೇ ಭಾರ ಅಲ್ವಾ ಸಾರ್?"

ಅಂಜಿನಯ್ಯ ಆಗಲೇ ಯಂತ್ರ ಏರಿಬಿಟ್ಟಿದ್ದ. ಮುಳ್ಳು ನೂರ ತೊಂಬತ್ತು ಪೌಂಡು ದಾಟಿತು. "ಬೆಲ್ಟು, ಲಾಠಿ ಸೇರಿ ಸಾರ್," ಎಂದು ಇಳಿದ.

ನಂಜುಂಡಪ್ಪ ಜೇಬಿನಿಂದ ಚಕ್ರಪಾಣಿಯ ಭಾವಚಿತ್ರ ತೆಗೆದರು. ತುಂಬಿದ ಕೆನ್ನೆ, ಕೋಟಿನ ಗುಂಡಿಗಳನ್ನು ಎಳೆದು ನಿಲ್ಲಿಸಿದ ಹೊಟ್ಟೆ. ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇವರು ಯಾರು ಸಾರ್?"

"ಭಾನುವಾರ ಬಂದು ವಿಮಾನ ಹತ್ತದೆ ಹೋದೋರು. ಚಕ್ರಪಾಣಿ."

"ಇವರಲ್ಲ. ಅವರು ಬಡಕಲು. ನೂರ ಹತ್ತೂ ಇರ್ಲಿಲ್ಲ. ಕೋಟು ಭುಜದಿಂದ ಜಾರ್ತಾ ಇತ್ತು. 'ನಿಮಗಿಂತ ನಿಮ್ಮ ಕೋಟೇ ಹೆಚ್ಚು ತೂಗತ್ತೆ ಮಿಸ್ಟರ್ ಚಕ್ರಪಾಣಿ' ಅಂತ ತಮಾಷೆ ಮಾಡಿದೆ. ಎಷ್ಟು ನಕ್ಕರು ಅಂತೀರಿ! ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು."

ನಂಜುಂಡಪ್ಪ ಬಾಗಿಲು ದಾಟಿ ಕೋಣೆಗೆ ಹೋಗಿ ಸೋಫಾದಲ್ಲಿ ಕುಳಿತರು. ಹಸಿರು ತೊಗಲು ಮೆಲ್ಲಗೆ ಉಸಿರು ಬಿಟ್ಟಿತು. ಕಿಟಕಿಗಳೆಲ್ಲ ಬಯಲಿನ ಕಡೆಗಿದ್ದವು. ಹಜಾರದ ಕಡೆಗೆ ದಪ್ಪ ಗೋಡೆ. ಕಟಕಟೆಯ ಬಳಿ ನಿಂತವನು ಇಲ್ಲಿಯ ಒಂದು ಅಂಗುಲವನ್ನೂ ಕಾಣಲಾರ.

"ಈ ಸೋಫಾ ಎಷ್ಟು ದಿನದ್ದು?"

"ಹೋದ ವಾರದ್ದು ಸಾರ್. ಮುಂಚೆ ಬೆತ್ತದ ಕುರ್ಚಿಗಳಿದ್ವು, ಬಟ್ಟೆ ಹರೀತವೆ ಅಂತ ಎಲ್ಲರೂ ಬೈತಾ ಇದ್ರು."

ಅಲ್ಲಿಂದ ಜೀಪು ನೇರವಾಗಿ ಕಾಮಾಕ್ಷಿಪಾಳ್ಯಕ್ಕೆ ಬಂತು. ವರ್ಕ್‌ಶಾಪಿನ ಹಳೆಯ ಕೆಲಸಗಾರ ಚಿಕ್ಕಣ್ಣ ಕೈ ಒರೆಸಿಕೊಳ್ಳುತ್ತ ಹೊರಬಂದ. ಲೇತುಗಳು ಓಡುತ್ತಿದ್ದವು; ಎಣ್ಣೆಯ, ಕಾದ ಕಬ್ಬಿಣದ ವಾಸನೆ. ಹಿತ್ತಲಿನ ಕಡೆಯಿಂದ ಗಾಳಿ ತಿರುಗಿದಾಗ ಅದರೊಳಗೆ ಬೇರೊಂದು ವಾಸನೆಯಿತ್ತು.

"ಅದೇನು?"

"ಪಾಳುಬಾವಿ ಸಾರ್. ನಾಯಿ ಬಿದ್ದು ಸತ್ತಿದೆ. ಸೋಮವಾರ ಬೆಳಿಗ್ಗೆ ಪದ್ಮನಾಭಪ್ಪನೋರು ಬಂದು ಸುಣ್ಣ ಸುರಿಸಿ ಚಪ್ಪಡಿ ಎಳೆಸಿದ್ರು. ನಾನೇ ಸುರಿದೆ." ಚಿಕ್ಕಣ್ಣ ನಕ್ಕ. "ದೊಡ್ಡ ನಾಯಿ ಇರ್ಬೇಕು ಸಾರ್. ಎರಡು ಮೂಟೆ ಸುಣ್ಣ ನುಂಗ್ತು. ಯಜಮಾನರು ಬಂದ್ರೆ ಸುಣ್ಣದ ಲೆಕ್ಕ ಕೇಳ್ತಾರೆ."

ನಂಜುಂಡಪ್ಪ ಅವನ ಮುಖ ನೋಡಿದರು. ಕಪಟವಿಲ್ಲದ ನಗು. ಅದನ್ನು ಆ ದಿನದ ಮಟ್ಟಿಗೆ ಅವನಿಗೇ ಬಿಟ್ಟುಬಿಡಬೇಕೆನಿಸಿತು. ಬೆಳಕು ಇಳಿಯುತ್ತಿತ್ತು. ಬಾವಿಗೆ ಇಬ್ಬರು ಕಾನ್‌ಸ್ಟೇಬಲ್‌ಗಳ ಕಾವಲಿಟ್ಟು, ಮಾರನೆಯ ಬೆಳಿಗ್ಗೆಗೆ ಪಂಚರನ್ನು ಗೊತ್ತುಮಾಡಿ ಠಾಣೆಗೆ ಮರಳಿದರು.

ಶುಕ್ರವಾರ, ಎಂಟು ಗಂಟೆ. ಪದ್ಮನಾಭನನ್ನು ಕರೆತಂದು ಕೂರಿಸಿದಾಗ ಅವನು ಕುರ್ಚಿಯ ತುದಿಯಲ್ಲಿ ಮಾತ್ರ ಕುಳಿತ.

"ಕಟಕಟೆ ಈಚೆ ನಿಂತೋರಿಗೆ ಸೋಫಾ ಸದ್ದು ಕೇಳತ್ತಾ?" ನಂಜುಂಡಪ್ಪ ಕೇಳಿದರು.

ಪದ್ಮನಾಭ ರೆಪ್ಪೆ ಬಡಿದ. "ಅಣ್ಣ ಹೇಳಿದ್ದ ಸಾರ್."

"ಯಾವಾಗ?"

"ಹೋದ ಸಲ... ದೀಪಾವಳಿ ಮುಂಚೆ ಹೋಗಿದ್ದನಲ್ಲ, ಆವಾಗ."

"ಆವಾಗ ಇದ್ದಿದ್ದು ಬೆತ್ತದ ಕುರ್ಚಿ. ಹಸಿರು ಸೋಫಾ ಬಂದು ಒಂದು ವಾರ ಆಗಿದೆ."

ನಂಜುಂಡಪ್ಪ ಬಾಗಿಲಿನ ಕಡೆ ಕೈ ತೋರಿಸಿದರು.

"ತೂಕದ ಗುಮಾಸ್ತ ಆಚೆ ಬೆಂಚಲ್ಲಿ ಕೂತಿದಾನೆ. ಗುರುತಿನ ಪರೇಡು ಮಾಡಿಸ್ಲಾ? ಇಲ್ಲ, ಮೊದಲು ಬಾವಿ ಹತ್ರ ಹೋಗೋಣ್ವಾ?"

ಪದ್ಮನಾಭ ಎದ್ದು ನಿಂತ. ಓಡಲು ಎದ್ದವನಲ್ಲ, ಕುಳಿತುಕೊಳ್ಳುವ ಹಕ್ಕು ಮುಗಿಯಿತೆಂದು ತಾನೇ ಎದ್ದವನು. "ಬಾವೀಗೆ ಹೋಗೋಣ ಸಾರ್," ಎಂದ.

ಎಂಟು ಇಪ್ಪತ್ತಕ್ಕೆ ದಸ್ತಗಿರಿ. ಒಂಬತ್ತೂವರೆಗೆ ಚಪ್ಪಡಿ ಸರಿಸಿದರು. ಹಗ್ಗಕ್ಕೆ ಬಿಗಿದು ಮೇಲೆತ್ತಿದ್ದು ಮೊದಲ ನೋಟಕ್ಕೆ ಸುಣ್ಣದ ಬೊಂಬೆಯಂತಿತ್ತು. ಕೈಬೆರಳಿನ ಉಂಗುರವನ್ನು ಒರೆಸಿದಾಗ ಚಿಕ್ಕಣ್ಣನಿಗೆ ಅರ್ಥವಾಯಿತು. ಅವನು ತನ್ನ ಎರಡು ಅಂಗೈಗಳನ್ನೂ ಪ್ಯಾಂಟಿಗೆ ಉಜ್ಜುತ್ತ ಹಿಂದೆ ಹಿಂದೆ ನಡೆದು, ಲೇತಿನ ಮೇಲೆ ಬೆನ್ನು ಬಡಿದು ನಿಂತ, ಉಜ್ಜುವುದನ್ನು ನಿಲ್ಲಿಸಲಿಲ್ಲ. ತಲೆಯ ಹಿಂಭಾಗದಲ್ಲಿ ಒಂದೇ ಪೆಟ್ಟು. ಕಬ್ಬಿಣದ ಸಲಾಕೆಯನ್ನು ಪದ್ಮನಾಭನೇ ತೋರಿಸಿದ. ಪಂಚರು ರುಜು ಹಾಕಿದರು.

ರಾಜಾಜಿನಗರದ ಮನೆಯ ಜಗಲಿಯಲ್ಲಿ ಪ್ರಭಾ ಟ್ರಂಕಿನ ಪಕ್ಕ ಕುಳಿತಿದ್ದಳು. ಅವಳ ಅಣ್ಣ ಜಟಕಾ ತರಲು ಹೋಗಿದ್ದ. ನಂಜುಂಡಪ್ಪ ಟೋಪಿ ತೆಗೆದು, ಇಂಥ ಹೊತ್ತಿನಲ್ಲಿ ಹೇಳಬೇಕಾದ್ದನ್ನು ಎರಡು ವಾಕ್ಯಗಳಲ್ಲಿ ಹೇಳಿದರು. ಒಳಗಿನಿಂದ ಗಿರಿಜಾದೇವಿಯವರ ಗೋಳು ಎದ್ದಿತು. ಪ್ರಭಾ ಅಳಲಿಲ್ಲ.

"ಹಾಗಾದ್ರೆ ಅವರು ಬಿಟ್ಟು ಹೋಗಿರ್ಲಿಲ್ಲ?"

"ಇಲ್ಲಮ್ಮ."

"ಭಾನುವಾರಾನೇ... ಇಲ್ಲೇ ಇದ್ರು."

"ಇಲ್ಲೇ ಇದ್ರು."

ಅವಳ ಮುಖದಲ್ಲಿ ಒಂದು ಬೆಳಕು ಬಂತು. ಹೆಣ ತೆಗೆದು ಬಂದ ಕಣ್ಣಿಗೆ ಅದು ನೋಡಬಾರದ ಬೆಳಕಾಗಿತ್ತು. ಅವಳು ಒಳಮನೆಯ ಕಡೆ ತಿರುಗಿ, ಆರು ವರ್ಷಗಳಲ್ಲಿ ಮೊದಲ ಸಲ ದನಿ ಎತ್ತಿದಳು: "ಕೇಳಿಸ್ತಾ ಅತ್ತೆ? ಅವರು ನನ್ನ ಬಿಟ್ಟು ಹೋಗಿರ್ಲಿಲ್ಲ!"

ನೆರೆಹೊರೆಯ ಕಿಟಕಿಗಳೆಲ್ಲ ತೆರೆದಿದ್ದವು. ಅವಳು ಟ್ರಂಕನ್ನು ತಾನೇ ಎಳೆದುಕೊಂಡು ಒಳಗೆ ಹೋದಳು.

ಸಂಜೆ ನಾಲ್ಕಕ್ಕೆ ಪದ್ಮನಾಭ ಬಾಯಿಬಿಟ್ಟ. ಹೊಡೆತದ ಅಗತ್ಯ ಬೀಳಲಿಲ್ಲ. ಅಂಜಿನಯ್ಯ ಬರೆದುಕೊಳ್ಳುತ್ತಿದ್ದ.

"ಅವತ್ತು ಹೊರಟ ಕೂಡ್ಲೆ, ಮೊದಲು ವರ್ಕ್‌ಶಾಪ್ ಕಡೆ ತಿರುಗಿಸು ಅಂದ. ರಜೆ, ಯಾರೂ ಇರ್ಲಿಲ್ಲ. ಬೀಗದ ಕೈ ನನ್ನ ಕೈಗೆ ಕೊಟ್ಟ. 'ಬೊಂಬಾಯಲ್ಲಿ ಮನೆ ಮಾಡಿದೀನಿ ಕಣೋ, ಅಲ್ಲೊಬ್ಬಳಿದಾಳೆ, ಇನ್ನು ಬರಲ್ಲ' ಅಂದ. 'ಕಾರು ನೀನೇ ಇಟ್ಕೋ. ಮನೇಲಿರೋಳನ್ನೂ ನೀನೇ ಇಟ್ಕೋ. ನನ್ನ ಹಳೇ ಕೋಟುಗಳೆಲ್ಲ ನಿನಗೆ ಹೊಂದ್ಕೊಂಡಿಲ್ವಾ? ಹಾಗೇ ಇವಳೂ ಹೊಂದ್ಕೋತಾಳೆ' ಅಂದು ನಕ್ಕ."

ಅಂಜಿನಯ್ಯನ ಲೇಖನಿ ನಿಧಾನವಾಯಿತು.

"ಹೊಂದಿರ್ಲಿಲ್ಲ ಸಾರ್," ಎಂದ ಪದ್ಮನಾಭ. "ಒಂದು ಕೋಟೂ ಹೊಂದಿರ್ಲಿಲ್ಲ."

"ಅತ್ತಿಗೆ ಮೇಲೆ ನಿನಗೇನಾದ್ರೂ...?"

"ಛೆ! ಅಂಥದ್ದೇನೂ ಇಲ್ಲ. ಟ್ರಂಕು ಹೊರಗಿಡು ಅಂದ್ರು ದೊಡ್ಡಮ್ಮ, ಇಟ್ಟೆ."

"ಕೊಂದ ಮೇಲೆ ವಿಮಾನ ನಿಲ್ದಾಣಕ್ಕೆ ಯಾಕೆ ಹೋದೆ? ಅವನು ಬದುಕಿದಾನೆ ಅಂತ ನಾವು ನಂಬ್ಲಿ ಅಂತಾನಾ?"

"ಆ ಯೋಚನೆ ವಾಪಸ್ ಬರ್ತಾ ಕಾರಲ್ಲಿ ಹೊಳೀತು ಸಾರ್." ಪದ್ಮನಾಭ ತನ್ನ ಬೆರಳುಗಳನ್ನು ನೋಡಿಕೊಂಡ. "ಎರಡು ಸಲ ಅವನ ಪೆಟ್ಟಿಗೆ ಹೊತ್ಕೊಂಡು ಆ ಕಟಕಟೆ ತನಕ ಹೋಗಿದೀನಿ. ಒಂದು ಸಲ ನನ್ನನ್ನೂ ತಕ್ಕಡಿ ಹತ್ತಿಸಿ, 'ಇದೂ ನನ್ನ ಲಗೇಜೇ, ಎಷ್ಟು ತೂಗತ್ತೆ ನೋಡ್ರಪ್ಪ' ಅಂದಿದ್ದ. ಅಲ್ಲಿದ್ದೋರೆಲ್ಲ ನಕ್ಕಿದ್ರು. ತೂಗಿ ಆದ್ಮೇಲೆ ಈಚೆ ಇಳಿಸಿದ್ರು. ಅವನು ಉಟ್ಟಿದ್ದು, ತಿಂದು ಮಿಕ್ಕಿದ್ದು, ಬೇಡ ಅಂದಿದ್ದು, ಎಲ್ಲ ನನಗೆ ಬಂದಿದೆ ಸಾರ್. ಆ ಟಿಕೆಟ್ ಒಂದನ್ನ ಅವನು ಇನ್ನೂ ಉಪಯೋಗಿಸಿರ್ಲಿಲ್ಲ."

"ವಿಮಾನ ಯಾಕೆ ಹತ್ತಲಿಲ್ಲ?"

"ಬೊಂಬಾಯಲ್ಲಿ ನನಗೆ ಯಾರಿದಾರೆ?" ನಿಜವಾದ ಅಚ್ಚರಿಯಿಂದ ಕೇಳಿದ ಅವನು. "ಸ್ವಲ್ಪ ಹೊತ್ತು ಕೂತ್ಕೊಂಡಿದ್ದೆ, ಅಷ್ಟೆ."

"ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಇದನ್ನೆಲ್ಲ ಹೇಳ್ತೀಯಾ?"

"ಒಂದಕ್ಷರ ಬಿಡದೆ ಹೇಳ್ತೀನಿ ಸಾರ್. ಎಲ್ಲರೂ ಕೇಳ್ಬೇಕು."

ಅವನನ್ನು ಲಾಕಪ್ಪಿಗೆ ಒಯ್ದರು. ಅಂಜಿನಯ್ಯ ಬರೆದ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತೇ ಇದ್ದ.

"ಸಾರ್, ಆ ಹೆಣ್ಣುಮಗಳ ವಿಷಯ... ಬೊಂಬಾಯಿಯೋಳು, ಇಟ್ಕೋ ಅಂದಿದ್ದು... ಅದಷ್ಟನ್ನ ಬಿಟ್ಟುಬಿಡೋಣ್ವಾ?"

ನಂಜುಂಡಪ್ಪ ಕಿಟಕಿಯ ಬಳಿ ನಿಂತಿದ್ದರು. ಆ ಮಾತನ್ನು ತೆಗೆದರೆ ಕೊಲೆಗೆ ಕಾರಣವಿಲ್ಲ. ಕಾರಣವಿಲ್ಲದ ಕೊಲೆ ಸೆಷನ್ಸ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇವರು ಬಿಟ್ಟರೂ ಅವನು ಬಿಡುವುದಿಲ್ಲ. ತೆರೆದ ನ್ಯಾಯಾಲಯದಲ್ಲಿ ಗುಮಾಸ್ತನೊಬ್ಬ ಅದನ್ನು ಗಟ್ಟಿಯಾಗಿ ಓದುವ ದಿನ, ಮೃತನ ಹೆಂಡತಿ ಎಂಬ ಅಧಿಕಾರದಿಂದ ಪ್ರಭಾ ಮುಂದಿನ ಬೆಂಚಿನಲ್ಲೇ ಕುಳಿತಿರುತ್ತಾಳೆ. ಪಕ್ಕದಲ್ಲಿ ಅತ್ತೆ.

"ಬರ್ಕೋ," ಎಂದರು ಅವರು. "ಅವನು ಹೇಳಿದ ಹಾಗೇ ಬರ್ಕೋ."