ಪಡಸಾಲೆಗೆ ಒಪ್ಪುವ ನೀಲಿ

"ಇದು ನೀಲಿ ಏನ್ರಿ? ನಮ್ಮ ವಾರ್ಡಿನ ಗ್ವಾಡಿ ಬಣ್ಣ ಇದು!"

ಲಲಿತಾ ಪೇಂಟ್ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. ಭಾಗ್ಯನಗರದ ಆ ಅಂಗಡಿಯ ಮಾಲೀಕ ಉಮಾಪತಿ ತಲೆ ಎತ್ತಿ ನೋಡಿದ. ಕೊಪ್ಪಳದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆ, ಹೊಸ ಮನೆಯ ಪಡಸಾಲೆಗೆಂದು ಮೊನ್ನೆ ತಾನೇ ಆರಿಸಿಕೊಂಡು ಹೋಗಿದ್ದ ನೀಲಿ ಅದು.

"ಸಿಸ್ಟರ್, ನೀವು ಬಣ್ಣದ ಕಾರ್ಡಿನ್ಯಾಗ ತೋರಿಸಿದ್ದನ್ನ ಕಲಸಿ ಕೊಟ್ಟೀನ್ರಿ."

"ಕಾರ್ಡಿನ್ಯಾಗ ತಂಪಗ ಇತ್ರಿ. ಗ್ವಾಡಿ ಮ್ಯಾಲೆ ಹಚ್ಚಿದ ಕೂಡ್ಲೆ ಫಿನೈಲ್ ವಾಸನಿ ಬಂದಂಗಾತು. ಡ್ಯೂಟಿ ಮುಗಿಸಿ ಮತ್ತ ವಾರ್ಡಿಗೇ ಹೋಗಿ ಕುಂದರ್‍ಲೇನು?"

ಉಮಾಪತಿ ತುಟಿ ಕಚ್ಚಿ ನಗು ತಡೆದ. ಅದು ಆಕೆಗೆ ಕಂಡುಬಿಟ್ಟಿತು.

"ನಗ್ರಿ, ನಗ್ರಿ," ಎಂದವಳು, ತಾನೂ ನಗುತ್ತಿರುವುದು ಗೊತ್ತಾಗಬಾರದೆಂದು ಸೀಲಿಂಗ್ ಫ್ಯಾನ್ ನೋಡತೊಡಗಿದಳು.

ಅಂದು ಮಧ್ಯಾಹ್ನ ಅವನೇ ಸಣ್ಣ ಸಣ್ಣ ಡಬ್ಬಿಗಳನ್ನು ಹಿಡಿದು ಅವಳ ಮನೆಗೆ ಹೋದ. ಪಡುವಣ ಕಿಟಕಿಯಿಂದ ಬಿಸಿಲು ನೇರ ಪಡಸಾಲೆಗೆ ಬೀಳುತ್ತಿತ್ತು. ಗೋಡೆಯ ಮೇಲೆ ಅಂಗೈಯಗಲ ಒಂದೊಂದೇ ನೀಲಿ ಹಚ್ಚಿದ. ಒಂದು ಬಿಸಿಲಲ್ಲಿ ಬೆಳ್ಳಗಾಯಿತು. ಇನ್ನೊಂದು ಹಸಿರಿಗೆ ತಿರುಗಿತು. ತುಸು ಬೂದು ಬೆರೆತ ನೀಲಿ ಮಾತ್ರ ಬಿಸಿಲನ್ನು ಹೀರಿ ಮೆತ್ತಗೆ ಕೂತಿತು.

"ಇದು ತಂಪೈತಿ. ಆದ್ರ ಒಬ್ಬಂಟಿ ಅನ್ನಿಸ್ತೈತಲ್ರಿ?" ಎಂದಳು ಲಲಿತಾ.

ಅಷ್ಟರಲ್ಲಿ ಅವಳ ತಾಯಿ ಕಳಕಮ್ಮ ಚಹಾ ತಂದುಕೊಟ್ಟು, ಆ ಗೋಡೆಗೇ ಒರಗಿ ನಿಂತರು. ಅವರ ಇಳಕಲ್ ಸೀರೆಯ ಕೆಂಪು ಸೆರಗು ನೀಲಿಯ ಪಕ್ಕ ಹರಡಿಕೊಂಡಿತು. ಕೋಣೆಗೆ ತಟ್ಟನೆ ಜೀವ ಬಂತು.

"ಕೆಂಪು!" ಇಬ್ಬರೂ ಒಟ್ಟಿಗೇ ಕೂಗಿದರು.

"ಯಾರಿಗೆ ಏನಾತವಾ?" ಎಂದು ಕಳಕಮ್ಮ ಬೆಚ್ಚಿ ಹಿಂದೆ ನೋಡಿಕೊಂಡರು.

ನಕ್ಕು ನಕ್ಕು ಚಹಾ ಆರಿಹೋಯಿತು. ಬಾಗಿಲು, ಕಿಟಕಿಯ ಚೌಕಟ್ಟಿಗೆ ಕಾವಿ ಕೆಂಪು, ಮೇಲ್ಛಾವಣಿಗೆ ಕೆನೆಬಣ್ಣ ಎಂದು ತೀರ್ಮಾನವಾಯಿತು.

"ಹಂಗಾರ ನಾಳೆ ಪೇಂಟರನ್ನ ಕಳಸ್ತೀನ್ರಿ, ಸಿಸ್ಟರ್."

"ಆಸ್ಪತ್ರ್ಯಾಗ ಸಿಸ್ಟರ್. ಇಲ್ಲಿ ಲಲಿತಾ," ಎಂದಳು ಆಕೆ, ಒಣಗದ ನೀಲಿಯನ್ನು ಬೆರಳಿಂದ ಮುಟ್ಟುತ್ತ.

ಪೇಂಟರ್ ಬಂದ. ಅವನ ಹಿಂದೆ ದಿನವೂ ಉಮಾಪತಿಯೂ ಬಂದ. ಒಮ್ಮೆ ಬ್ರಶ್ ಕೊಡಲು, ಒಮ್ಮೆ ಪ್ರೈಮರ್ ಒಣಗಿತೇ ನೋಡಲು. ಇನ್ನೊಮ್ಮೆ ಯಾವ ನೆಪವೂ ಇರಲಿಲ್ಲ. ಲಲಿತಾ ಕೇಳಲೂ ಇಲ್ಲ.

ಅಂದು ಅವಳು ನೇರವಾಗಿ ಹೇಳಿದಳು: "ಒಂದು ಮಾತು ಮೊದ್ಲೇ ಹೇಳಿಬಿಡ್ತೀನ್ರಿ. ಈ ಮನಿ ನನ್ನ ಪಗಾರದಾಗ ಕಟ್ಟೀನಿ. ಅವ್ವಗ ನಾನೊಬ್ಬಾಕೀನ. ಮದುವಿ ಆದ್ರೂ ಆಕಿನ್ನ ಬಿಟ್ಟು ಹೋಗಂಗಿಲ್ಲ. ನೋಡಾಕ ಬಂದವ್ರೆಲ್ಲ ಇದನ್ನ ಕೇಳಿ, ಚಾ ಕುಡದು ಎದ್ದು ಹೋಗ್ಯಾರ."

ಉಮಾಪತಿಯ ಕೈಯಲ್ಲೂ ಚಹಾದ ಕಪ್ಪಿತ್ತು. ಅವನು ಅದನ್ನು ಕೆಳಗಿಟ್ಟು ಎದ್ದ. "ಬರ್ತೀನ್ರಿ," ಎಂದಷ್ಟೇ ಹೇಳಿ ಹೊರಟುಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕೊನೆಯ ಕೋಟ್ ಮುಗಿಯಿತು. ಲಲಿತಾಳಿಗೆ ಅಷ್ಟು ಚೆಂದದ ಗೋಡೆಯನ್ನು ಕಣ್ಣೆತ್ತಿ ನೋಡುವ ಮನಸ್ಸಾಗಲಿಲ್ಲ. ಇವನೂ ಎದ್ದುಹೋದವನೇ ಎಂದುಕೊಂಡಳು. ಮುಂಚಿನವರು ಹೋದಾಗ ಹೀಗೆ ನೋವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಉಮಾಪತಿ ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು. ಜೊತೆಗೆ ಅವನ ಅಣ್ಣ ಹಾಲೇಶ, ಅತ್ತಿಗೆ ಸುರೇಖಾ.

ಒಳಗೆ ಕೂತ ಹಾಲೇಶ ಗಂಟಲು ಸರಿಮಾಡಿಕೊಂಡ. "ಅವ್ವಾರ, ಇವ ನಿಮ್ಮ ಮನಿಗೇ ಬಂದಿರ್ತೀನಿ ಅಂತಾನ್ರಿ. ನಾ ಮೊದ್ಲು ಒಪ್ಪಲಿಲ್ಲ. ಮೂರು ದಿನ ಜಗಳಾಡಿದ್ವಿ. ಕಡೀಕ ನನ್ನ ಹೇಣ್ತಿನೇ ಕೇಳಿದ್ಲು, ನಾ ನಿಮ್ಮನಿಗೆ ಬಂದಿಲ್ಲೇನು ಅಂತ. ಬಾಯಿ ಮುಚ್ಚಿದೆ ನೋಡ್ರಿ."

ಕಳಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಲಲಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡಿದಳು.

"ಒಂದು ಮಾತು ಹೇಳಿ ಹೋಗಬಾರ್ದಾಗಿತ್ತೇನ್ರಿ?"

"ಮನಿಯವ್ರನ್ನ ಒಪ್ಪಿಸಲಾರ್ದ ಹೇಳಿದ್ರ, ಅದು ಬರೀ ಮಾತಾಗ್ತಿತ್ರಿ, ಲಲಿತಾ." ಆ ಹೆಸರನ್ನು ಅವನು ಹುಷಾರಾಗಿ, ಮೆತ್ತಗೆ ಹೇಳಿದ.

"ಮಂದಿ ನಿಮ್ಮನ್ನ ಮನಿ ಅಳ್ಯಾ ಅಂತಾರ."

"ಅಳ್ಯಾ ಆಗೂದು ಖರೇನ ಅಲ್ರಿ? ಅನ್ಲಿ."

"ನನಗ ನೈಟ್ ಡ್ಯೂಟಿ ಇರ್ತಾವು. ಅಡಗಿ ಬರ್ತೈತಿ?"

"ಝುಣಕಾ ಭಾಳ ಛಲೋ ಮಾಡ್ತೀನ್ರಿ. ರೊಟ್ಟಿ ಮಾತ್ರ ದುಂಡಗ ಬರಂಗಿಲ್ಲ."

"ಹರದಿದ್ದನ್ನೂ ತಿಂತೀವಿ," ಎಂದಳು ಲಲಿತಾ. ಎಲ್ಲರೂ ನಕ್ಕರು. ಅವಳ ಕೆನ್ನೆ ಕೆಂಪಾಯಿತು, ಆದರೂ ಒಳಗೆ ಓಡಿಹೋಗಲಿಲ್ಲ.

"ಬೇ ಅವ್ವಾ, ಹಂಗ ಕುಂತಿ ಯಾಕ?" ಎಂದು ತಾಯಿಗೆ ಗದರಿದಳು. "ಸಕ್ರಿ ತಗೊಂಡು ಬಾ. ಎಲ್ಲಾರ ಬಾಯಿಗೂ ಹಾಕು. ಮೊದ್ಲು ಅವರಿಗೆ," ಎಂದು ಉಮಾಪತಿಯತ್ತ ಕೈ ತೋರಿದಳು.